ಬ್ರೇಕು ಕೂರುತ್ತಿದೆ ಎಂದಿದ್ದ ಬೈರಣ್ಣ

ಬೈರಣ್ಣನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಬೇರೆ ಯಾರೂ ಬರೆಯುವುದಿಲ್ಲವಲ್ಲ! ಅವನು ಸುದ್ದಗುಂಟೆಪಾಳ್ಯದವನು. ಮನೆಯಲ್ಲಿ ರಾಗಿ ಹೊಲವಿದ್ದರೂ ಅವನಿಗೆ ಹುಚ್ಚೆಲ್ಲ ಎಂಜಿನ್ನಿನ ಮೇಲೆ. ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿ ಓಡಿಸಿ, ರಿಪೇರಿಯನ್ನೂ ಕಲಿತು ಬಂದಿದ್ದ. ೧೯೫೪ರಲ್ಲಿ ಜಯನಗರದ ನಮ್ಮ ಮನೆಗೆ ಡ್ರೈವರಾಗಿ ಸೇರಿದ. ನಮ್ಮ ಯಜಮಾನರು ಬದರಿನಾಥ ಆಗ ಕಟ್ಟಡದ ಕಂಟ್ರಾಕ್ಟರು.

ಒಂಬತ್ತು ವರ್ಷ ಓಡಿಸಿದ. ಒಂದು ಕೋಳಿಗೂ ಗಾಡಿ ತಾಗಿಸಿದವನಲ್ಲ. ಹೊರಡುವ ಮುಂಚೆ ಮೂರು ಸಲ ಬ್ರೇಕು ತುಳಿದು ನೋಡದೆ ಗೇರು ಹಾಕುತ್ತಿರಲಿಲ್ಲ.

"ಏನೋ ಬೈರಣ್ಣ, ಹೊಲಿಗೆ ಮಿಷನ್ ತುಳಿದ ಹಾಗೆ ತುಳೀತೀಯಲ್ಲೋ" ಎಂದು ನಾನು ರೇಗಿಸುತ್ತಿದ್ದೆ.

"ನಗಿ ಅಮ್ಮಾವ್ರೇ, ನಗಿ. ಹಿಂದ್ಗಡೆ ಕೂತ್ಕೊಳೋರು ನೀವೇ ತಾನೆ?" ಎನ್ನುತ್ತಿದ್ದ.

೧೯೬೨ರಲ್ಲಿ ಆ ಹಾಳು ಕಾರು ಬಂತು. ವಿದೇಶದ್ದು. ಮಾರುದ್ದದ ಮೂತಿ, ಕೆಂಪು ಚರ್ಮದ ಸೀಟು. ಮೊದಲ ತಿಂಗಳು ಬೀದಿಯವರೆಲ್ಲ ಬಂದು ಮುಟ್ಟಿ ನೋಡಿದ್ದೇ ನೋಡಿದ್ದು. ಎರಡನೇ ತಿಂಗಳಿಗೆ ಅದರ ಬಂಡವಾಳ ಬಯಲಾಯಿತು. ಲಾಲ್‌ಬಾಗ್ ದಾಟುವಷ್ಟರಲ್ಲಿ ಎಂಜಿನ್ನು ಕುದಿಯುತ್ತಿತ್ತು. ಒಂದು ತಿರುವಿನಲ್ಲಿ ಹಿಂದಿನ ಬಾಗಿಲು ತಾನಾಗಿ ತೆರೆದುಕೊಂಡು ನಾನು ಬೀದಿಗೆ ಬೀಳುವುದು ಕೂದಲೆಳೆಯಲ್ಲಿ ತಪ್ಪಿತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಬ್ರೇಕು. ಚೆನ್ನಾಗಿ ಹಿಡಿಯುತ್ತಿದ್ದದ್ದು ಇದ್ದಕ್ಕಿದ್ದ ಹಾಗೆ ತಳಕ್ಕೆ ಕೂತುಬಿಡುತ್ತಿತ್ತು.

ಯಜಮಾನರ ಕ್ಲಬ್ಬಿನಲ್ಲಿ ಇನ್ನಿಬ್ಬರ ಹತ್ತಿರ ಇದೇ ಗಾಡಿ ಇತ್ತು. ಅವಕ್ಕೂ ಇದೇ ರೋಗ. ಆದರೆ ಒಬ್ಬರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಅಷ್ಟು ಸುರಿದು ತಂದ ಕಾರು ಕೆಟ್ಟದ್ದು ಎಂದರೆ ಮರ್ಯಾದೆ ಏನಾಗಬೇಕು? ಬೈರಣ್ಣನೇ ಬೆನ್ನು ಹತ್ತಿ ಯಜಮಾನರಿಂದ ಷೋರೂಮಿಗೆ ಕಾಗದ ಬರೆಸಿದ. ಬಾಗಿಲ ಹತ್ತಿರ ನಿಂತು ಅವನು ಒಂದೊಂದೇ ದೋಷ ಹೇಳಿದ, ಇವರು ಕಾರ್ಬನ್ ಇಟ್ಟು ಟೈಪ್ ಮಾಡಿದರು. ಪ್ರತಿಯನ್ನು ಬೀರುವಿನಲ್ಲಿಟ್ಟವಳು ನಾನು.

ಷೋರೂಮಿನವನು ಮನೆಗೇ ಬಂದ. ನನ್ನ ಕೈಯ ಕಾಫಿ ಕುಡಿದು, "ಗಾಡಿಯಲ್ಲಿ ದೋಷ ಇಲ್ಲ ಸಾರ್. ಲಾರಿ ಡ್ರೈವರ್ ಕೈಗೆ ಇಂಥ ಕಾರು ಕೊಟ್ರೆ ಹೀಗೇ" ಎಂದ. ಬೈರಣ್ಣ ಅಲ್ಲೇ ನಿಂತಿದ್ದ. ಮುಖ ಕಪ್ಪಿಟ್ಟಿತು. ಅಂದಿನಿಂದ ಬ್ರೇಕನ್ನು ತಾನೇ ಬಿಚ್ಚಿ, ತಾನೇ ಸರಿಮಾಡಿ, ಹೇಗೋ ಸಂಭಾಳಿಸಿದ.

ಮರುವರ್ಷದ ಆಯುಧಪೂಜೆ. ಬೈರಣ್ಣ ಬೆಳಗ್ಗೆಯೇ ಕಾರು ತೊಳೆದು, ತನ್ನ ಸ್ಪ್ಯಾನರು, ಜಾಕಿ ಎಲ್ಲವನ್ನೂ ಒರೆಸಿ ಮಣೆಯ ಮೇಲೆ ಜೋಡಿಸಿದ್ದ. ನಾನು ಅರಿಶಿನ, ಕುಂಕುಮ, ಹೂವು ಏರಿಸಿ ಪೂಜೆ ಮುಗಿಸಿದೆ. ಬೂದುಗುಂಬಳ ಒಡೆದಾಯಿತು. ಇನ್ನು ಬನಶಂಕರಿ ಗುಡಿಗೆ ಒಂದು ಸುತ್ತು ಹೋಗಿ ಬರಬೇಕು. ಬೈರಣ್ಣ ಒಳಗೆ ಕೂತು ಬ್ರೇಕು ತುಳಿದ. ಮತ್ತೆ ತುಳಿದ. ಇಳಿದು ಬಂದ.

"ಬುದ್ಧಿ, ಬ್ರೇಕು ಕೂರ್ತಾ ಐತೆ. ಆಯಿಲ್ ಸೋರೈತೆ. ಅರ್ಧ ಗಂಟೆ ಕೊಡಿ, ಬಿಚ್ಚಿ ನೋಡ್ತೀನಿ" ಎಂದು ಮಣೆಯ ಕಡೆ ಕೈ ಚಾಚಿದ.

ನಾನು ಅಡ್ಡ ಬಂದೆ. "ಥೂ, ನಿನಗೇನು ಬುದ್ಧಿಗಿದ್ದಿ ಇದೆಯೇನೋ? ಪೂಜೆಗಿಟ್ಟ ಸಾಮಾನು ಮುಟ್ತಾರಾ? ನಾಳೆ ಕದಲಿಸಿದ ಮೇಲೆ ತಗೊಳ್ಳುವೆಯಂತೆ."

ಅವನ ಕೈ ಹಿಂದಕ್ಕೆ ಹೋಯಿತು. ಹಾಗಾದರೆ ಕಾರು ಬೇಡ, ಜಟಕಾ ತರುತ್ತೇನೆ ಎಂದ. ಯಜಮಾನರಿಗೆ ರೇಗಿತು. "ಪೂಜೆ ಮಾಡಿದ ಕಾರು ಬಿಟ್ಟು ಜಟಕಾದಲ್ಲಿ ಹೋಗ್ಲಾ? ನೋಡಿದೋರು ನಗಲ್ವಾ? ನಿಧಾನಕ್ಕೆ ಹೋಗು, ನಡಿ." ನಾಲ್ಕು ಚಕ್ರದಡಿ ನಿಂಬೆಹಣ್ಣು ಇಟ್ಟವಳೂ ನಾನೇ.

ಗುಡಿಯ ಹತ್ತಿರದ ಇಳಿಜಾರಿನಲ್ಲಿ "ಹಿಡೀತಿಲ್ಲ ಬುದ್ಧಿ!" ಎಂದು ಬೈರಣ್ಣ ಕೂಗಿದ. ಕೈಬ್ರೇಕು ಎಳೆದ, ಜನ ಇಲ್ಲದ ಕಡೆಗೆ ಗಾಡಿ ತಿರುಗಿಸಿದ. ಆ ಕಡೆ ಒಬ್ಬಳಿದ್ದಳು. ನಿಂಬೆಹಣ್ಣು ಮಾರುವ ಸಿದ್ದಗಂಗಮ್ಮ. ಅವಳನ್ನು ಸೇರಿಸಿಕೊಂಡೇ ಗಾಡಿ ಕಲ್ಲುಗೋಡೆಗೆ ಬಡಿಯಿತು. ನನಗೂ ಯಜಮಾನರಿಗೂ ತರಚಿದ ಗಾಯವಷ್ಟೆ. ಬೈರಣ್ಣ ಹಣೆಯಿಂದ ರಕ್ತ ಸುರಿಯುತ್ತಿದ್ದರೂ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಅಕ್ಕಾ, ಅಕ್ಕಾ, ಕಣ್ಣು ಬಿಡಕ್ಕಾ" ಎನ್ನುತ್ತಿದ್ದ. ಆಗಲೇ ಎಲ್ಲ ಮುಗಿದಿತ್ತು.

ಕಾರಿನ ಮೂತಿ ನುಜ್ಜುಗುಜ್ಜಾಗಿತ್ತು. ಬ್ರೇಕು ಮೊದಲೇ ಕೆಟ್ಟಿತ್ತೋ, ಗುದ್ದಿದ ಮೇಲೆ ಕೆಟ್ಟಿತೋ ಹೇಳಲಾಗದು ಎಂದು ಪರೀಕ್ಷೆ ಮಾಡಿದವರು ಬರೆದರು. ಉಳಿದದ್ದು ಬೈರಣ್ಣನ ಮಾತೊಂದೇ. ಮೊದಲೇ ಹೇಳಿದ್ದೆ, ಯಜಮಾನರು ಷೋರೂಮಿಗೆ ಕಾಗದವನ್ನೂ ಬರೆದಿದ್ದರು ಎಂದು ಅವನು ಕೋರ್ಟಿನಲ್ಲಿ ಹೇಳಿದ. ಅಂಥ ಕಾಗದ ಬಂದೇ ಇಲ್ಲ ಎಂದರು ಷೋರೂಮಿನವರು. ಕ್ಲಬ್ಬಿನ ಗೆಳೆಯರಿಬ್ಬರಿಗೂ ಒಮ್ಮೆಲೇ ಮರೆವು ಬಂತು.

"ಕೆಟ್ಟಿದೆ ಅಂತ ಗೊತ್ತಿದ್ದೂ ಹೊರಡಿಸಿದೆ ಅಂದ್ರೆ ನನ್ನನ್ನೇ ಒಳಗೆ ಹಾಕ್ತಾರೆ, ವಾರಿಜಾ" ಎಂದರು ಯಜಮಾನರು. ಮರುದಿನ ಕಟಕಟೆಯಲ್ಲಿ ನಿಂತು, "ಅವನು ಏನೂ ಹೇಳಿರಲಿಲ್ಲ, ನಾನು ಏನೂ ಬರೆದಿಲ್ಲ" ಎಂದರು. ನಾನು ಮನೆಯಲ್ಲಿದ್ದೆ. ಬೀರುವಿನ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಅಮ್ಮಾವ್ರನ್ನು ಸಾಕ್ಷಿಗೆ ಕರೆಸೋಣವೇ ಎಂದು ಅವನ ವಕೀಲರು ಕೇಳಿದ್ದರಂತೆ. "ಹೆಂಗಸರನ್ನ ಕೋರ್ಟಿಗೆ ಎಳೆಯೋದು ಬೇಡ ಸ್ವಾಮಿ. ಆ ಕಾಗದದ ಪ್ರತಿ ಐತೆ ಅಂತ ಗೊತ್ತಿದ್ರೆ ಅವರೇ ತರೋರು" ಎಂದನಂತೆ ಬೈರಣ್ಣ. ಒಂದೂವರೆ ವರ್ಷ ಜೈಲು. ಲೈಸೆನ್ಸು ರದ್ದು. ಊರಲ್ಲಿ ಮುಖ ಎತ್ತಿ ನಡೆಯುವ ಹಾಗಿಲ್ಲ, ಸಿದ್ದಗಂಗಮ್ಮ ಅವನ ಊರಿನವಳೇ.

ಯಜಮಾನರು ೬೬ರಲ್ಲಿ ಹೋದರು. ಆಮೇಲೆ ನನಗೆ ಧೈರ್ಯ ಬಂತು. ಬೆಂಕಿ ಹಾಕಬೇಕು ಅಂಥ ಧೈರ್ಯಕ್ಕೆ! ಮರುವರ್ಷ, ಆಯುಧಪೂಜೆಯ ದಿನವೇ ಆ ಪ್ರತಿಯನ್ನು ಹಿಡಿದು ಸುದ್ದಗುಂಟೆಪಾಳ್ಯಕ್ಕೆ ಹೋದೆ. ಬೈರಣ್ಣ ಮನೆಯ ಮುಂದೆ ಕೂತು ಯಾರದೋ ಸೈಕಲ್ಲಿನ ಬ್ರೇಕು ಬಿಗಿ ಮಾಡುತ್ತಿದ್ದ. ಸ್ಪ್ಯಾನರಿಗೆ ಕುಂಕುಮವಿರಲಿಲ್ಲ.

"ಇವತ್ತು ಪೂಜೆ ಅಲ್ವೇನೋ?" ಹಾಳು ಬಾಯಿ, ಮೊದಲು ಆಡಿದ್ದು ಅದನ್ನೇ.

"ನಾನು ಮಾಡಕಿಲ್ಲ ಅಮ್ಮಾವ್ರೇ. ಕೂತ್ಕೊಳಿ." ಜಗುಲಿ ಒರೆಸಿದ. "ಮುನಿವೆಂಕಟಮ್ಮಾ, ಅಮ್ಮಾವ್ರು ಬಂದವ್ರೆ, ಕಾಫಿ ಇಡು" ಎಂದು ಹೆಂಡತಿಗೆ ಕೂಗಿ ಹೇಳಿದ.

ಕಾಗದ ಕೊಟ್ಟೆ. ಇದನ್ನು ತೋರಿಸಿ ಲೈಸೆನ್ಸು ವಾಪಸು ಕೇಳೋಣ, ನಾನೇ ಬಂದು ಹೇಳುತ್ತೇನೆ ಎಂದೆ. ಅವನಿಗೆ ಇಂಗ್ಲಿಷ್ ಬಾರದು. ಆದರೂ ಕೆಳಗಿನ ರುಜುವಿನ ಮೇಲೆ ಬೆರಳಾಡಿಸಿ ಗುರುತು ಹಿಡಿದ.

"ಲೈಸೆನ್ಸು ತಗೊಂಡು ಏನ್ ಮಾಡ್ಲಿ? ಬ್ರೇಕಿನ ಮೇಲೆ ಕಾಲಿಟ್ರೆ ನಡುಗ್ತದೆ" ಎಂದ. ಕಾಗದವನ್ನು ತಿರುಗಿಸಿ ನೋಡಿ ಕೇಳಿದ, "ಇದು ಆವಾಗ ಎಲ್ಲಿತ್ತು ಅಮ್ಮಾವ್ರೇ?"

"ಬೀರುವಿನಲ್ಲಿತ್ತು."

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಬೈರಣ್ಣ ಕಾಗದವನ್ನು ಮಡಿಚಿ ನನ್ನ ಪಕ್ಕದಲ್ಲಿಟ್ಟು ಸೈಕಲ್ಲಿನ ಕಡೆ ತಿರುಗಿದ. ಮುನಿವೆಂಕಟಮ್ಮ ಕಾಫಿಯ ಲೋಟ ಹಿಡಿದು ಹೊಸಿಲಲ್ಲೇ ನಿಂತಿದ್ದಳು, ಎಲ್ಲ ಕೇಳಿಸಿತ್ತು. ನನ್ನ ಮುಖವನ್ನೊಮ್ಮೆ ನೋಡಿದಳು. ಲೋಟವನ್ನು ಹಾಗೇ ಒಳಕ್ಕೆ ತೆಗೆದುಕೊಂಡು ಹೋದಳು.