ಕಡಲ ಊರಿನಲ್ಲಿ ಅವ್ವನ ಚರಗ

ಕಾರವಾರಕ್ಕೆ ಚಳಿಗಾಲ ಬಂತೆಂದು ನನಗೆ ಗೊತ್ತಾಗುವುದು ಜನರ ಕಿವಿ ನೋಡಿ. ದೀಪಾವಳಿ ಮುಗಿದ ಸ್ವಲ್ಪ ದಿನಕ್ಕೆ ನಮ್ಮ ಬೀದಿಯಲ್ಲಿ ಒಬ್ಬೊಬ್ಬರದಾಗಿ ಕಿವಿಗಳು ಮಾಯವಾಗುತ್ತವೆ. ಹಾಲು ತರುವವರು ಮಫ್ಲರ್ ಸುತ್ತಿಕೊಳ್ಳುತ್ತಾರೆ, ಬೆಳಗಿನ ವಾಕಿಂಗಿನ ಹಿರಿಯರು ಮಂಕಿ ಟೋಪಿ ಹಾಕುತ್ತಾರೆ, ನಾನು ಪಾಠ ಹೇಳುವ ಶಾಲೆಯ ಮಕ್ಕಳು ಸ್ವೆಟರ್ ತೊಟ್ಟು ಬಂದು ಎರಡನೇ ಪಿರಿಯಡ್ಡಿಗೆಲ್ಲ ಬೆವರು ಒರೆಸಿಕೊಳ್ಳುತ್ತಾರೆ. "ಎಂತ ಚಳಿ ಅಲ್ವಾ ಅಕ್ಕೋರೆ?" ಎಂದು ಯಾರಾದರೂ ಕೇಳಿದರೆ ನನಗೆ ಮೈ ಉರಿಯುತ್ತದೆ. ನಾನು ಬಾದಾಮಿ ತಾಲ್ಲೂಕಿನವಳು. ಪಟ್ಟದಕಲ್ಲಿನ ಹತ್ತಿರ, ಮಲಪ್ರಭೆಯ ದಂಡೆಯ ಊರು ನಮ್ಮದು. ಅಲ್ಲಿ ಚಳಿ ಅಂದರೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿ ಕೂರುತ್ತದೆ, ಹಿಮ್ಮಡಿ ಬಿರಿಯುತ್ತದೆ, ತುಟಿ ಒಡೆಯುತ್ತದೆ. ಪುಷ್ಯ ಮಾಸದಲ್ಲಿ ನಮ್ಮೂರಲ್ಲಿ ಯಾರೂ ಬಾಯಿ ತೆರೆದು ನಗುವುದಿಲ್ಲ, ನಕ್ಕರೆ ತುಟಿಯಲ್ಲಿ ರಕ್ತ ಜಿನುಗುತ್ತದೆ.

ಆ ಚಳಿಯಿಂದ ತಪ್ಪಿಸಲೆಂದೇ ಒಂದು ವರ್ಷ ಅವ್ವನನ್ನು ಇಲ್ಲಿಗೆ ಕರೆದುಕೊಂಡು ಬಂದೆ. ಅವಳಿಗೆ ಉಬ್ಬಸ. ಅದರ ಹಿಂದಿನ ಸುಗ್ಗಿಯಲ್ಲಿ ಚಳಿ, ರಾಶಿಯ ಧೂಳು, ಒಲೆಯ ಹೊಗೆ ಎಲ್ಲ ಸೇರಿ ಎದೆ ಕಟ್ಟಿ, ಬಾಗಲಕೋಟೆಯ ದವಾಖಾನೆಯಲ್ಲಿ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದಳು. ಅವಳ ಉಸಿರು ಶಿಳ್ಳೆ ಹೊಡೆಯುವುದನ್ನು ಕೇಳುತ್ತ ಮಂಚದ ಪಕ್ಕ ಕೂತಿದ್ದಾಗ ಆದ ಹೆದರಿಕೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. "ಮುಂದಿನ ಚಳಿಗಾಲ ಬೆಚ್ಚನ್ನ ಊರಾಗ ಇಡ್ರಿ. ಇನ್ನೊಮ್ಮೆ ಹಿಂಗಾದ್ರ ಕಷ್ಟ ಐತಿ" ಎಂದಿದ್ದರು ಡಾಕ್ಟರು. ಶಿವರಾತ್ರಿಯವರೆಗೆ ಅವ್ವ ನನ್ನ ಹತ್ತಿರ ಇರುವುದೆಂದು ಮಾತಾಯಿತು. ಮಾತಾಡಿಕೊಂಡವರು ನಾನು ಮತ್ತು ಊರಲ್ಲಿ ಹೊಲ ನೋಡಿಕೊಳ್ಳುವ ತಮ್ಮ. ಅವ್ವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಬರುವಾಗ ಅವಳು ಅರ್ಧ ಚಳಿಗಾಲವನ್ನು ಗಂಟು ಕಟ್ಟಿಕೊಂಡೇ ಬಂದಳು. ಹಳೆಯ ಇಳಕಲ್ ಸೀರೆಗಳನ್ನು ಒಂದರ ಮೇಲೊಂದು ಹಾಕಿ ಹೊಲಿದ ದಪ್ಪ ಕೌದಿ, ಸಜ್ಜೆ ಹಿಟ್ಟು, ಜೋಳದ ಹಿಟ್ಟು, ಎಳ್ಳು, ಕಟಕ್ ರೊಟ್ಟಿಯ ಕಟ್ಟು, ಹೊರಡುವ ಮೊದಲೇ ಅಮೀನಗಡದಿಂದ ತರಿಸಿಟ್ಟ ಕರದಂಟು. ಊರಲ್ಲಿ ತಿಂಗಳಾದರೂ ಮುರಿದರೆ ಸದ್ದು ಮಾಡುವ ರೊಟ್ಟಿ ಇಲ್ಲಿನ ಗಾಳಿಗೆ ಎರಡೇ ದಿನದಲ್ಲಿ ಮೆತ್ತಗಾಗಿ ಮಡಚಿದರೆ ಮಡಚಿಕೊಳ್ಳತೊಡಗಿತು. ಅವ್ವ ಅದನ್ನು ಎತ್ತಿ ಹಿಡಿದು, "ನೋಡ, ರೊಟ್ಟಿಗೂ ಈ ಊರು ಒಗ್ಗವಲ್ದು" ಎಂದಳು. ಬಾಣ ನನ್ನ ಕಡೆಗೇ ಎಂದು ಗೊತ್ತಿದ್ದರೂ ಆ ರೊಟ್ಟಿಯನ್ನೇ ಮಡಚಿ ತಿಂದೆ.

ದೊಡ್ಡ ಜಗಳ ಫ್ಯಾನಿನದು. ಮಲಗುವ ಹೊತ್ತಿಗೆ ಸೆಕೆಗೆ ನಾನು ಫ್ಯಾನ್ ಹಾಕುವುದು, ಅವಳು ಎದ್ದು ಆರಿಸುವುದು. "ಚಳಿಗಾಲದಾಗ ಯಾರರ ಫ್ಯಾನ್ ಹಾಕ್ತಾರೇನ? ಮಂದಿ ಕೇಳಿದ್ರ ನಗ್ತಾರ!" ಅನ್ನುವಳು. ಕೌದಿಯನ್ನು ಕುತ್ತಿಗೆವರೆಗೆ ಹೊದ್ದು, ಹಣೆಯ ಮೇಲೆ ಬೆವರಿನ ಹನಿ ಸಾಲುಗಟ್ಟಿದರೂ ಹಟ ಬಿಡುವವಳಲ್ಲ. ಚಳಿಗಾಲವೆಂದರೆ ಹೊದೆಯಬೇಕು, ಅಷ್ಟೇ. ಹೊರಗೆ ಚಳಿ ಇರುವುದು ಬಿಡುವುದು ಅವಳ ಪಾಲಿಗೆ ಬೇರೆ ಮಾತು. ಇನ್ನು ಕಡಲು ತೋರಿಸಲು ಕರೆದೊಯ್ದರೆ ಬಹಳ ಹೊತ್ತು ನೋಡಿ, "ಇಷ್ಟ ನೀರೈತಿ, ಒಂದ ಬೊಗಸಿ ಹೊಲಕ್ಕ ಹಾಕಾಕ ಬರಂಗಿಲ್ಲ" ಎಂದು ಸೆರಗು ಕೊಡವಿ ಎದ್ದಳು. ಆದರೆ ಆ ದಿನ ದಂಡೆಯಿಂದ ರಸ್ತೆಗೆ ಮೆಟ್ಟಿಲು ಹತ್ತುವಾಗ ಅವಳು ನಡುವೆ ನಿಲ್ಲಲಿಲ್ಲ. ಎದೆಯ ಶಿಳ್ಳೆ ಕಡಿಮೆಯಾಗಿತ್ತು. ನನಗೆ ಅಷ್ಟೇ ಬೇಕಿತ್ತು.

ಅವಳಿಗೆ ಇಲ್ಲಿ ಇಷ್ಟವಾದದ್ದು ಒಂದೇ ಜಾಗ, ನಮ್ಮ ಹಿತ್ತಿಲ ಗೋಡೆ. ಅದರಾಚೆ ಒಂದು ಸಣ್ಣ ಗದ್ದೆ. ಭತ್ತ ಕೊಯ್ದ ಮೇಲೆ ಆ ಗದ್ದೆಯ ಒಡತಿ, ನಾನು ಗದ್ದೆಯ ಅಕ್ಕ ಎನ್ನುವವರು, ಅಲ್ಲಿ ಶೇಂಗಾ ಹಾಕುತ್ತಾರೆ, ಅಂಚಿಗೆ ನಾಲ್ಕು ಸಾಲು ಹರಿವೆ. ನನಗೂ ಅವರಿಗೂ ಇದ್ದದ್ದು ಊಟ ಆಯ್ತಾ ಎನ್ನುವಷ್ಟೇ ಪರಿಚಯ. ಅವ್ವ ಮಾತ್ರ ಬೆಳಿಗ್ಗೆ ಚಹಾ ಹಿಡಿದು ಗೋಡೆಗೆ ಒರಗಿ ನಿಂತರೆ ಅಲ್ಲಿಂದ ಅಲುಗುವವಳಲ್ಲ. "ಸಾಲು ಭಾಳ ಒತ್ತಾಗ್ಯಾವ" ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದಳು.

ಎಳ್ಳು ಅಮಾವಾಸ್ಯೆ ಹತ್ತಿರ ಬರುತ್ತಿದ್ದಂತೆ ಅವಳು ಊರಿಗೆ ಹೋಗುವ ಮಾತು ತೆಗೆದಳು. ನಮ್ಮ ಕಡೆ ಆ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತೇವೆ. ಬೆಳೆ ಹೊತ್ತು ನಿಂತ ಭೂಮಿ ನಮ್ಮ ಲೆಕ್ಕಕ್ಕೆ ಬಸುರಿ. ಕಡುಬು, ಹೋಳಿಗೆ, ಪಲ್ಯ, ಅನ್ನ ಎಲ್ಲ ಕಲೆಸಿದ ಚರಗವನ್ನು ಹೊಲದ ತುಂಬ ಚೆಲ್ಲಿ ಅವಳ ಬಯಕೆ ತೀರಿಸಿದ ಮೇಲೆಯೇ ನಮ್ಮ ಊಟ.

"ನಾ ಹೋಗಿ ಚರಗ ಚೆಲ್ಲಿ ಬರ್ತೇನಿ, ನಾಕ ದಿನದ ಮಾತು" ಎಂದಳು.

"ತಮ್ಮ ಚೆಲ್ತಾನ ಬಿಡ. ಅಲ್ಲಿ ಚಳಿ ಹೆಂಗೈತಿ ಗೊತ್ತೈತಿಲ್ಲ? ಹೋದರ ಮತ್ತ ದವಾಖಾನಿನ."

"ಅವ ಚೆಲ್ಲೂದು ಅವನ ಕೈಯಿಂದ. ನನ್ನ ಕೈಯಿಂದ ಒಂದ ತುತ್ತು ಬ್ಯಾಡೇನ ಆಕಿಗೆ? ಇಲ್ಲಿ ನನಗೇನ ಕೆಲಸ ಐತಿ? ಉಂಡು ಮಲಗಾಕ ಹುಟ್ಟೇನೇನ ನಾ?"

ನನಗೆ ಸಿಟ್ಟು ನೆತ್ತಿಗೇರಿತು. "ಉಸರು ಇದ್ದರ ಹೊಲ, ಹೊಲ ಇದ್ದರ ಉಸರಲ್ಲ" ಎಂದು ಕಿರುಚಿದೆ. ಅವ್ವ ಕೌದಿಯನ್ನು ಮಡಚಿ ಚೀಲಕ್ಕೆ ತುಂಬಿದಳು. ಅಮಾವಾಸ್ಯೆಗೆ ಎರಡೇ ದಿನ ಉಳಿದಿತ್ತು; ಅಷ್ಟರೊಳಗೆ ನಾನು ತಡೆದರೂ, ಅದು ಕಳೆದ ಮಾರನೆಯ ದಿನವಾದರೂ ಹೊರಡುವವಳೇ ಎಂದು ನನಗೆ ಖಾತ್ರಿಯಾಯಿತು. ಕೈ ಹಿಡಿದು ಎಷ್ಟು ದಿನ ಕೂರಿಸಿಕೊಳ್ಳಲಿ? ಆ ಎರಡು ದಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದರೂ ನನ್ನ ಕಿವಿಯಲ್ಲಿ ಆ ಶಿಳ್ಳೆಯೇ ತುಂಬಿತ್ತು.

ಅಮಾವಾಸ್ಯೆಯ ಬೆಳಿಗ್ಗೆ ಎಳ್ಳು ಹುರಿದ ವಾಸನೆಗೆ ಎಚ್ಚರವಾಯಿತು. ಅವ್ವ ಸಜ್ಜೆ ಕಡುಬು ಮಾಡಿದ್ದಳು, ಬದನೆಕಾಯಿ ಪಲ್ಯ ಮಾಡಿದ್ದಳು. ಮನೆಯಲ್ಲೇ ದೇವರಿಗೆ ಎಡೆ ಹಿಡಿಯುತ್ತಾಳೆ ಅಂದುಕೊಂಡು ಸ್ನಾನಕ್ಕೆ ಹೋದೆ. ತಲೆಗೆ ನೀರು ಹಾಕಿಕೊಳ್ಳುತ್ತಿರುವಾಗ ಹಿತ್ತಿಲಿನಿಂದ ಕೂಗಾಟ ಕೇಳಿಸಿತು.

"ಅಕ್ಕೋರೆ! ಬೇಗ ಬನ್ನಿ ಇಲ್ಲಿ! ನಿಮ್ಮ ಅಮ್ಮ ನಮ್ಮ ಗದ್ದೆಗೆ ಎಂತದೋ ಮಾಡ್ತಾ ಇದ್ದಾರೆ!"

ಒದ್ದೆ ಕೂದಲಲ್ಲೇ ಓಡಿದೆ. ಅವ್ವ ಶೇಂಗಾ ಗದ್ದೆಯ ನಡುವೆ ಬುಟ್ಟಿ ಹಿಡಿದು ನಿಂತಿದ್ದಳು. ನಮ್ಮೂರ ಹೊಲದಲ್ಲಿ ಮಾಡುವ ಹಾಗೆಯೇ ಬದುವಿನ ಮೇಲೆ ಐದು ಕಲ್ಲು ನಿಲ್ಲಿಸಿ ಅರಿಸಿನ, ಕುಂಕುಮ ಹಚ್ಚಿದ್ದಳು. ಸಾಲುಗಳ ಮೇಲೆಲ್ಲ ಕಲೆಸಿದ ಅನ್ನ ಬಿದ್ದಿತ್ತು. ಗದ್ದೆಯ ಅಕ್ಕ ದೂರದಲ್ಲೇ ನಿಂತಿದ್ದರು. "ಅಮಾಸೆ ದಿನ ಕಂಡವರ ಗದ್ದೆಗೆ ಕುಂಕುಮ ಹಚ್ಚಿ ಅನ್ನ ಹಾಕುದು ಯಾರಾದ್ರೂ ಒಳ್ಳೇದಕ್ಕೆ ಮಾಡ್ತಾರಾ ಅಕ್ಕೋರೆ? ನಾವು ನಿಮಗೆ ಎಂತ ಕೆಟ್ಟದ್ದು ಮಾಡಿದ್ದೇವೆ?"

ಮಾಟ ಮಾಡುತ್ತಿದ್ದಾರೆ ಎಂದು ಅವರ ಭಯ. ನೋಡಿದರೆ ಯಾರಿಗಾದರೂ ಹಾಗೆಯೇ ಅನ್ನಿಸಬೇಕು. ನಾನು ನಾಚಿಕೆಯಿಂದ ಕುಗ್ಗಿ ಹೋದೆ. ಅವ್ವನ ಮುಖದಲ್ಲಿ ಮಾತ್ರ ಬರೀ ಆಶ್ಚರ್ಯ. ಬಸುರಿಗೆ ಉಣ್ಣಿಸಿದರೆ ಯಾರಾದರೂ ಬೈಯುತ್ತಾರೆಯೇ ಎನ್ನುವ ಹಾಗೆ ಇಬ್ಬರನ್ನೂ ನೋಡಿದಳು. ಆಮೇಲೆ ಅಲ್ಲೇ ಕೂತು, ಒಂದು ಶೇಂಗಾ ಗಿಡದ ಬುಡದ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಸರಿಸಿದಳು. ಹಳದಿ ಹೂವಿನ ಕೆಳಗೆ ಮಣ್ಣಿಗಿಳಿದ ಎಳೆಯೊಂದರ ತುದಿಯಲ್ಲಿ ಗುಂಡುಸೂಜಿಯ ತಲೆಯಷ್ಟು ಕಾಯಿ ಕೂತಿತ್ತು.

"ನೋಡ ಯವ್ವ, ನಿನ್ನ ಹೊಲ ಬಸುರಿ ಐತಿ. ಬಾಯಿಗೆ ರುಚಿ ಬೇಕಾಗಿರ್ತೈತಿ ಆಕಿಗೆ. ಯಾರೂ ಕೊಡವಲ್ರು ಅಂತ ನಾ ಕೊಟ್ಟೆ. ನನ್ನ ಹೊಲ ಭಾಳ ದೂರ ಐತಿ, ಮಗಳು ಹೋಗಗೊಡವಲ್ಳು" ಎಂದಳು.

ಅವಳ ಮಾತು ಅಕ್ಕನಿಗೆ ಅರ್ಧ ತಿಳಿಯಿತು, ಉಳಿದರ್ಧ ನಾನು ಬಿಡಿಸಿ ಹೇಳಿದೆ. ಅವರು ಗಿಡವನ್ನೂ ಅವ್ವನನ್ನೂ ನೋಡಿದರು. ಮೆಲ್ಲಗೆ ಹತ್ತಿರ ಬಂದು, "ಹಾಗಾದ್ರೆ ಸೀಮಂತವಾ ಇದು? ಮೊದಲೇ ಹೇಳುದಲ್ವಾ ಮಾರಾಯ್ತಿ, ನಾನು ಸೀರೆನಾದ್ರೂ ಬದಲಿಸಿ ಬರ್ತಿದ್ದೆ!" ಎಂದರು. ನನಗೆ ಹೋದ ಜೀವ ಬಂತು.

ಅವ್ವ ಅಷ್ಟಕ್ಕೆ ಬಿಡಲಿಲ್ಲ. ಚರಗ ಚೆಲ್ಲಲು ಇಬ್ಬರು ಬೇಕು, ಒಬ್ಬಳೇ ಚೆಲ್ಲಿದ್ದು ಪೂರ್ತಿಯಾಗಿಲ್ಲ ಎಂದಳು. ಮುಂದೆ ಹೋಗುವವರು ಅನ್ನ ಚೆಲ್ಲುತ್ತ "ಹುಲ್ಲುಲಿಗ್ಯೋ" ಎಂದು ಕೂಗಬೇಕು, ಹಿಂದೆ ಬರುವವರು ನೀರು ಚಿಮುಕಿಸುತ್ತ "ಚಲಾಂಬರಿಗ್ಯೋ" ಎಂದು ಓಗೊಡಬೇಕು. ಅದರ ಅರ್ಥ ನನಗೂ ಗೊತ್ತಿಲ್ಲ, ಅವ್ವನಿಗೂ ಗೊತ್ತಿಲ್ಲ. ತಂಬಿಗೆ ಹಿಡಿದು ಅವ್ವನ ಹಿಂದೆ ನಡೆದವರು ಗದ್ದೆಯ ಅಕ್ಕ. ಮೊದಮೊದಲು ಸಂಕೋಚಪಟ್ಟವರು ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಅವ್ವನಿಗಿಂತ ಜೋರಾಗಿ ಕೂಗುತ್ತಿದ್ದರು. ರಸ್ತೆಯಲ್ಲಿ ಮಫ್ಲರಿನವರು ಇಬ್ಬರು ನಿಂತು ನೋಡಿದರು. ಆಮೇಲೆ ಬದುವಿನ ಮೇಲೆ ಕೂತು ಎಲ್ಲರೂ ಕಡುಬು ತಿಂದೆವು. ಡಬ್ಬಿಯಲ್ಲಿ ಉಳಿದಿದ್ದ ಕರದಂಟನ್ನು ಅವ್ವ ಅಕ್ಕನ ಸೆರಗಿಗೆ ಹಾಕಿದಳು.

ಮಾರನೆಯ ದಿನ ಕೌದಿಯ ಚೀಲ ಬಾಗಿಲ ಬಳಿಯೇ ಇತ್ತು. ಅವ್ವ ಇರಲಿಲ್ಲ. ಹಿತ್ತಿಲಿಗೆ ಓಡಿದರೆ, ಇಬ್ಬರೂ ಗದ್ದೆಯಲ್ಲಿ ಕೂತು ಕಳೆ ತೆಗೆಯುತ್ತಿದ್ದರು. ಮುಂದೆ ಅದೇ ದಿನಚರಿಯಾಯಿತು. ಬೆಳಗಿನ ಮಂಜು ಕರಗುವ ಮೊದಲೇ ಅವ್ವ ಗದ್ದೆಗೆ ಇಳಿಯುವಳು. ಅಕ್ಕ ಕೊಟ್ಟ ಮಫ್ಲರ್ ಅವಳ ತಲೆಗೆ ಬಂತು, ಅವ್ವ ಬಡಿದ ಸಜ್ಜೆ ರೊಟ್ಟಿ ಅಕ್ಕನ ಮನೆಗೆ ಹೋಯಿತು. ಮಧ್ಯಾಹ್ನ ಬಂದು, "ಉಸ್ಸ್! ಏನ ಸೆಕಿ, ಆ ಫ್ಯಾನರ ಹಾಕ" ಎಂದಳು. ನಾನು ತಕ್ಷಣ ಎದ್ದು ಸ್ವಿಚ್ಚು ಒತ್ತಿದೆ. ಇಲ್ಲಿನ ಚಳಿಗಾಲ ಇರುವುದು ಸೂರ್ಯ ಮೇಲೇರುವ ತನಕ ಮಾತ್ರ. ಅಷ್ಟನ್ನು ಹೊದ್ದುಕೊಂಡರೆ ಸಾಕು ಎಂದು ಅವ್ವನಿಂದಲೇ ಕಲಿತೆ.

ಊರಿನಲ್ಲಿ ಇನ್ನೂ ಮೈ ಕೊರೆಯುವ ಚಳಿ ಇದ್ದಾಗಲೇ ತಮ್ಮ ಫೋನ್ ಮಾಡಿದ. "ಅವ್ವಾ, ಮನಿ ನೆನಪಾಗಿದ್ರ ಹೇಳ, ನಾಳೆ ಬಂದು ಕರಕೊಂಡು ಹೋಗ್ತೇನಿ" ಎಂದ. ಅವನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಫೋನ್ ಕಸಿದುಕೊಳ್ಳಲು ಕೈ ಚಾಚಿದೆ. ಅವ್ವ ನನ್ನ ಕೈ ಸರಿಸಿದಳು.

"ಈಗ ಹೆಂಗ ಬರ್ಲೋ? ಬಸುರಿನ ನಡುವ ಬಿಟ್ಟು ಬರಾಕ ಬರ್ತೈತೇನ? ಬಯಕಿ ಮಾಡಿದಾಕಿ ನಾನ. ಆಕಿ ಹೆರಿಗಿ ಆಗ್ಲಿ, ಆಮ್ಯಾಲ ನೋಡೂನು" ಎಂದು ಫೋನನ್ನು ನನ್ನ ಕೈಗೆ ಕೊಟ್ಟು, ಬುಟ್ಟಿ ಎತ್ತಿಕೊಂಡು ಗದ್ದೆಗೆ ಹೋದಳು. ಉಸಿರಿನಲ್ಲಿ ಒಂದು ಚೂರೂ ಶಿಳ್ಳೆಯಿರಲಿಲ್ಲ.

ಆ ಕಡೆಯಿಂದ ತಮ್ಮ ಗಾಬರಿಯಲ್ಲಿ ಕೇಳಿದ, "ಅಕ್ಕಾ, ಯಾರು ಬಸುರಿ?"

ನಾನು ಹಿತ್ತಿಲ ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆ. ಪುಷ್ಯ ಮಾಸ ಇನ್ನೂ ಮುಗಿದಿರಲಿಲ್ಲ. ತುಟಿ ಒಡೆಯಲಿಲ್ಲ.