ಮರಳಿನ ಮೇಲೆ ನಿಂತ ನೀರು

ಬೆಳಿಗ್ಗೆ ನನ್ನ ಹೆಂಡತಿ ಪುಟ್ಟಮ್ಮ ಹೂವಿನ ಕುಂಡವೊಂದನ್ನು ಬೋರಲು ಹಾಕಿದಳು. ಕೊಳೆತ ಕೆಸರಿನ ವಾಸನೆ ಮೂಗಿಗೆ ಬಡಿಯಿತು. ನಾನು ಎದ್ದು ಒಳಗೆ ಹೋದೆ. ಆ ವಾಸನೆಗೂ ನನಗೂ ಹಳೆಯ ಪರಿಚಯ.

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಓದಿದವರಿಗಿಂತ ಹೆಚ್ಚು ಬಲ್ಲೆ ಎಂಬ ಕಾಯಿಲೆ ನಮ್ಮಂಥವರಿಗೆ ಬೇಗ ಹತ್ತುತ್ತದೆ. ನಿಮಗೂ ಒಬ್ಬಿಬ್ಬರು ಗೊತ್ತಿರಬೇಕು. ಮೈಸೂರಲ್ಲಿ ಇನ್ನೂ ಮಹಾರಾಜರಿದ್ದ ಕಾಲ, ಮದುವೆಯಾದ ಹೊಸತು. ಬಾಣಾವರದ ಕಡೆ ಪುಟ್ಟಮ್ಮನ ತವರಿನ ಹಳೇ ತೆಂಗಿನಮರ ಸಿಡಿಲಿಗೆ ಹೋಗಿತ್ತು. ಅದರ ಕೊನೆಯ ಕಾಯಿಗಳಿಂದ ಅತ್ತೆ ಎಬ್ಬಿಸಿದ್ದ ಎಂಟು ಸಸಿ ಗಾಡಿಯಲ್ಲಿ ನಮ್ಮೂರು ಹಳೇಬೀಡಿಗೆ ಬಂದವು. ಆ ತಳಿ ಇನ್ನೆಲ್ಲೂ ಉಳಿದಿರಲಿಲ್ಲ.

ನೀರು ಬಸಿದು ಹೋಗಲಿ ಎಂದು ನಾನು ಗುಂಡಿಗಳ ತಳಕ್ಕೆ ಮೊಳದೆತ್ತರ ಮರಳು ಸುರಿದು, ಮೇಲೆ ಕೆರೆಯಿಂದ ತಂದ ಗೋಡುಮಣ್ಣು ತುಂಬಿದೆ. ಎರಡನ್ನೂ ಕಲಸಿ ಹಾಕಿ ಎಂದಳು ಅವಳು. ಮರಳು ನೀರು ಹಿಡಿಯುವುದಿಲ್ಲ ಎಂಬುದು ಕತ್ತೆಗೂ ಗೊತ್ತು ಎಂದೆ ನಾನು. ದಿನಾ ಹೆಗಲ ಮೇಲೆ ಅಡ್ಡೆ ಹೊತ್ತು ನೀರು ಹುಯ್ದೆ, ನಾಲ್ಕು ಜನಕ್ಕೆ ಕಾಣುವ ಹಾಗೆ. ಐದು ಸಸಿ ಹಳದಿಯಾದವು. ನೀರು ಸಾಲದೆಂದು ಇನ್ನೂ ಹುಯ್ದೆ. ಸತ್ತವು.

ಅವಳೇ ಗುದ್ದಲಿ ಹಿಡಿದು ಒಂದು ಗುಂಡಿ ಅಗೆದಳು. ಮೇಲಿನ ಗೋಡು ಅಂಬಲಿಯಾಗಿ ನಾರುತ್ತಿತ್ತು. ಅದರಡಿಯ ಮರಳು, ನಾನು ಸುರಿದ ದಿನ ಹೇಗಿತ್ತೋ ಹಾಗೇ, ಒಣಗಿತ್ತು. ಒಂದು ಹಿಡಿ ತೆಗೆದು ನನ್ನ ಅಂಗೈಗೆ ಹಾಕಿದಳು.

"ಗೋಡು ತನ್ನ ಹೊಟ್ಟೆ ಬಿರಿಯೋಗಂಟ ಕೆಳಗಿನ ಮರಳಿಗೆ ಒಂದು ತೊಟ್ಟು ನೀರೂ ಬಿಡಾಕಿಲ್ಲ ಕಣ್ರೀ. ಮಿಕ್ಕ ಮೂರನ್ನ ಈಗ್ಲೇ ಕೀಳಿ."

ಊರವರೆಲ್ಲ ಮಾಲೇಕಲ್ಲಿನ ಜಾತ್ರೆಗೆ ಹೋದ ದಿನ ಕೀಳೋಣ ಎಂದೆ. ನನ್ನ ಮರ್ಯಾದೆ ಕಾಯುವಷ್ಟು ದಿನ ಸಸಿ ಬದುಕುವುದಿಲ್ಲ ಎಂದಳು. ನಡುಹಗಲಲ್ಲೇ ಕಿತ್ತು, ಮರಳು ಗೋಡು ಕಲಸಿ, ಮತ್ತೆ ನೆಟ್ಟೆ. ಪಕ್ಕದ ಹೊಲದ ತಮ್ಮಣ್ಣ ಕೆರೆ ಏರಿಯ ಮೇಲೆ ನಿಂತು, "ಏನ್ಲಾ, ಬೇರು ಬಿಟ್ಟೈತಾ ಅಂತ ಕಿತ್ ನೋಡ್ತಿದ್ದೀಯಾ?" ಎಂದ. ಮೂರೂ ಬದುಕಿದವು.

ಅತ್ತೆಗೆ ಮಾತ್ರ ಐದನ್ನು ಕಾಡುಹಂದಿ ತಿಂದವು ಎಂದುಬಿಟ್ಟೆ. ಆಮೇಲೆ ಪ್ರತಿ ಹಬ್ಬಕ್ಕೂ ಅವರು, "ಹಂದಿ ಕಾಟ ಹೆಂಗೈತಪ್ಪಾ?" ಎಂದು ಕೇಳುವರು, ನಾನು ಕೋರೆಹಲ್ಲಿನ ಉದ್ದದ ಸಮೇತ ವರ್ಣಿಸುವೆ. ಅವರು ತೀರಿಕೊಳ್ಳುವವರೆಗೂ ಇದು ನಡೆಯಿತು.

ಇವತ್ತು ಊಟಕ್ಕೆ ಕೂತಾಗ ಮನಸ್ಸು ತಡೆಯಲಿಲ್ಲ. ಪಾಪ, ನಿಮ್ಮವ್ವ ನನ್ನ ಮಾತು ನಂಬಿಕೊಂಡೇ ಹೋದರು, ನಿಜ ಹೇಳಬೇಕಿತ್ತು ಎಂದೆ. ಪುಟ್ಟಮ್ಮ ಮುದ್ದೆ ಮುರಿಯುತ್ತ ತಲೆಯೆತ್ತದೆ ಹೇಳಿದಳು:

"ನಾನು ಅವತ್ತೇ ಅವ್ವಂಗೆ ನಿಜ ಹೇಳಿದ್ದೆ. ಹಂದಿ ಸುದ್ದಿ ನಿಮ್ಮ ಬಾಯಲ್ಲಿ ಕೇಳ್ದಿದ್ರೆ ಅವ್ವಂಗೆ ಹಬ್ಬ ಆದಂಗೇ ಆಯ್ತಿರ್ಲಿಲ್ಲ."