ಯಾರೂ ನಿಲ್ಲದ ಎಕ್ಸ್-ರೇ

ಬೆಳಿಗ್ಗೆ ಮೊದಲ ರೋಗಿ ಒಳಗೆ ಬರುವುದಕ್ಕೆ ಮುಂಚೆ ಲೋಲಾಕ್ಷಿ ಯಾರೂ ನಿಲ್ಲದ ಒಂದು ಎಕ್ಸ್-ರೇ ತೆಗೆಯುತ್ತಾಳೆ. ಯಂತ್ರ ಬಿಸಿಯಾಗಲಿ ಎಂದು ಶುರುವಾದ ಪದ್ಧತಿ; ದರ್ಬೆಯ ಆ ಸಣ್ಣ ಕ್ಲಿನಿಕ್ಕಿಗೆ ಸೇರಿದಂದಿನಿಂದ ತಪ್ಪಿಲ್ಲ. ಕುಕ್ಕೆಯ ಸುಬ್ರಹ್ಮಣ್ಯನನ್ನು ನೆನೆದು ಬಟನ್ ಒತ್ತುತ್ತಾಳೆ. ತೆರೆಯ ಮೇಲೆ ಬರೀ ಬೂದು ಬಣ್ಣ ಮೂಡುತ್ತದೆ.

ಮೂಡುತ್ತಿತ್ತು, ಎನ್ನಬೇಕು. ತವರೂರು ಮರ್ಕಂಜದಲ್ಲಿ ಅಣ್ಣ ಅಚ್ಚುತ ತೀರಿಕೊಂಡ ಮೇಲೆ ಆ ಬೂದು ಬಣ್ಣದೊಳಗೆ ಒಂದು ಮಸುಕು ಗೆರೆ ಕಾಣತೊಡಗಿತು. ಎಡ ಹೆಗಲಿನ ಎಲುಬು, ನಡುವೆ ಗಂಟು ಕಟ್ಟಿ ವಕ್ರವಾಗಿ ಕೂಡಿಕೊಂಡದ್ದು. ಜೀಪಿನಿಂದ ಬಿದ್ದು ಮುರಿದ ಅಣ್ಣನ ಎಲುಬು ಕೂಡಿದ್ದು ಹಾಗೆಯೇ. ಅವನ ಕೊನೆಯ ಎಕ್ಸ್-ರೇ ತೆಗೆದವಳೂ ಇವಳೇ. ರೋಗಿಗಳ ಚಿತ್ರಗಳಲ್ಲಿ ಅದರ ಸುಳಿವಿಲ್ಲ, ಒಂದೊಂದನ್ನೂ ನೋಡಿದ್ದಾಳೆ. ಯಾರೂ ಇಲ್ಲದಾಗ ಮಾತ್ರ. ಅದು ಯಂತ್ರದ ಕಲೆಯೋ, ಅಣ್ಣನೋ? ಯಾರನ್ನೂ ಕೇಳಿರಲಿಲ್ಲ.

ಅಣ್ಣನ ಮಗಳು ಭವಿತಾ ರಜೆಗೆ ಬಂದವಳು ಒಂದು ಬೆಳಿಗ್ಗೆ ಕ್ಲಿನಿಕ್ಕಿಗೂ ಬಂದಳು. ಆಕಾಶದ ಎಲ್ಲ ದಿಕ್ಕಿನಿಂದಲೂ ಬರುವ ಹಿನ್ನೆಲೆ ಎಕ್ಸ್-ರೇಯನ್ನು ಕರಾರುವಾಕ್ಕಾಗಿ ಅಳೆಯುವ ಉಪಗ್ರಹದ ತಂಡದಲ್ಲಿ ಅವಳಿಗೆ ಕೆಲಸ.

"ಎಂತ ಅತ್ತೆ, ಗೋಡೆಗೆ ಎಕ್ಸ್-ರೇಯಾ? ಗೋಡೆಗೆ ಕೆಮ್ಮಾ?"

"ನಗಾಡ್ಬೇಡ ಮಾರಾಯ್ತಿ. ನೀವೂ ಖಾಲಿ ಆಕಾಶವನ್ನೇ ಅಲ್ವಾ ಅಳೆಯುದು?"

"ಖಾಲಿ ಎಲ್ಲಿ ಉಂಟು ಅತ್ತೆ? ಎಷ್ಟೋ ದೂರದ ಗ್ಯಾಲಕ್ಸಿಗಳು, ಒಂದೊಂದಾಗಿ ಕಾಣದ್ದು, ಎಲ್ಲ ಸೇರಿ ಸಣ್ಣಗೆ ಬೆಳಗುದು. ಬೆಳಕು ಇಲ್ಲಿಗೆ ಮುಟ್ಟುವಾಗ ಕೆಲವು ಅಲ್ಲಿ ಇಲ್ಲದೆಯೂ ಹೋಗಿರ್ಬಹುದು. ಆದ್ರೆ ಯಂತ್ರದ್ದೇ ಗಲಾಟೆ ಬೇರೆ ಉಂಟಲ್ಲ? ಅದಕ್ಕೆ ಮುಚ್ಚಳ ಮುಚ್ಚಿ ಒಮ್ಮೆ ಅಳೆಯುದು, ತೆರೆದು ಒಮ್ಮೆ. ಮುಚ್ಚಿದಾಗ ಬಂದದ್ದು ಯಂತ್ರದ್ದು. ಅದನ್ನು ಕಳೆಯುದು."

ಅಷ್ಟರಲ್ಲಿ ತೆರೆಯ ಗೆರೆ ಭವಿತಾಳ ಕಣ್ಣಿಗೆ ಬಿತ್ತು. "ಇದೆಂತ? ಪ್ಲೇಟಿನ ಹಳೆ ಕಲೆ ಇರ್ಬೇಕು. ಮುಚ್ಚಿ ತೆಗೆದು ನೋಡುವ."

ಕಿರಣ ತಡೆಯುವ ಸೀಸದ ಏಪ್ರನ್ನನ್ನು, ಚಿತ್ರ ಹಿಡಿಯುವ ಪ್ಲೇಟಿನ ಮುಂದೆ ಇಳಿಬಿಟ್ಟರು. ಬಟನ್ ಒತ್ತುವಾಗ ಲೋಲಾಕ್ಷಿಯ ಬಾಯಿಗೆ ಸುಬ್ರಹ್ಮಣ್ಯನ ಹೆಸರು ಬರಲಿಲ್ಲ. ತೆರೆ ಸ್ವಚ್ಛ ಬಿಳಿ, ಗೆರೆ ಇಲ್ಲ. ಏಪ್ರನ್ ತೆಗೆದು ಮತ್ತೆ ಒತ್ತಿದಳು. ಎಲುಬು ಬಂತು. ಈ ಸಲ ಹೆಗಲು ಸ್ವಲ್ಪ ತಿರುಗಿತ್ತು, ಭವಿತಾ ನಿಂತಿದ್ದ ಕಡೆಗೆ.

ಭವಿತಾಳ ನಗು ನಿಂತಿತು. "ಪ್ಲೇಟಿನದ್ದಲ್ಲ," ಎಂದು ತೋಳು ಉಜ್ಜಿಕೊಂಡಳು. ಅಪ್ಪನ ಹೆಗಲನ್ನು ಅವಳು ಗುರುತಿಸಿರಲಿಲ್ಲ. "ಯಂತ್ರದ ಕಂಪೆನಿಯಲ್ಲಿ ನನ್ನ ಫ್ರೆಂಡ್ ಯತಿನ್ ಇದ್ದಾನೆ. ಈಗ್ಲೇ ಫೋನ್ ಮಾಡ್ತೇನೆ ಅತ್ತೆ. ಬಂದು ಎಲ್ಲ ಅಳಿಸಿ ಹೊಸತರ ಹಾಗೆ ಮಾಡಿ ಕೊಡ್ತಾನೆ."

ಲೋಲಾಕ್ಷಿ ಅವಳ ಫೋನಿನ ಮೇಲೆ ಕೈ ಇಟ್ಟಳು.

"ಬೇಡ ಮಗಾ. ಅದರಿಂದ ಯಾರಿಗೂ ಉಪದ್ರ ಇಲ್ಲ. ಇರ್ಲಿ."